ಬಾತುಕೋಳಿ ಬೇಟೆಯ ನೆಪ

1910ರ ನವೆಂಬರ್ ತಿಂಗಳ ಒಂದು ರಾತ್ರಿ. ನ್ಯೂಯಾರ್ಕ್‌ನಿಂದ ನದಿಯಾಚೆಗಿನ ಹೊಬೋಕನ್ ರೈಲು ನಿಲ್ದಾಣಕ್ಕೆ ಕೆಲವರು ಒಬ್ಬೊಬ್ಬರಾಗಿ ಬಂದು, ಕಿಟಕಿ ಪರದೆ ಇಳಿಬಿಟ್ಟಿದ್ದ ಖಾಸಗಿ ಬೋಗಿಯೊಂದನ್ನು ಹತ್ತಿದರು. ಪತ್ರಕರ್ತರ ಕಣ್ಣಿಗೆ ಬೀಳಬಾರದು, ಒಳಗೆ ಹೋದ ಮೇಲೂ ಮನೆತನದ ಹೆಸರು ಎತ್ತಬಾರದು ಎಂಬ ಕಟ್ಟಪ್ಪಣೆ ಇತ್ತು. ಆಳುಕಾಳುಗಳ ಕಿವಿಗೆ ಬಿದ್ದರೆ ಸುದ್ದಿ ಹೊರಬೀಳುತ್ತದಲ್ಲ! ಇಬ್ಬರಂತೂ ರೈಟ್ ಸಹೋದರರ ಹೆಸರು ಇಟ್ಟುಕೊಂಡು ಆರ್ವಿಲ್, ವಿಲ್ಬರ್ ಆದರು. ಯಾರಾದರೂ ಕೇಳಿದರೆ ಬಾತುಕೋಳಿ ಬೇಟೆಗೆ ಹೊರಟಿದ್ದೇವೆ ಎನ್ನುವುದು. ಬ್ಯಾಂಕರ್ ಪಾಲ್ ವಾರ್ಬರ್ಗ್ ಅದಕ್ಕಾಗಿ ಕೋವಿಯನ್ನೂ ಎರವಲು ತಂದಿದ್ದರು.

ಹೋಗಿ ಸೇರಿದ್ದು ಜಾರ್ಜಿಯಾ ಕರಾವಳಿಯ ಜೆಕಿಲ್ ದ್ವೀಪದಲ್ಲಿದ್ದ ಸಿರಿವಂತರ ಕ್ಲಬ್ಬಿಗೆ. ಕರೆದೊಯ್ದವರು ಸೆನೆಟರ್ ನೆಲ್ಸನ್ ಆಲ್ಡ್ರಿಚ್. ಜೊತೆಗೆ ನ್ಯಾಷನಲ್ ಸಿಟಿ ಬ್ಯಾಂಕಿನ ಅಧ್ಯಕ್ಷ ಫ್ರಾಂಕ್ ವಾಂಡರ್‌ಲಿಪ್, ಮಾರ್ಗನ್ ಸಂಸ್ಥೆಯ ಹೆನ್ರಿ ಡೇವಿಸನ್, ಖಜಾನೆ ಇಲಾಖೆಯ ಪಿಯಟ್ ಆಂಡ್ರ್ಯೂ. ಬೇಟೆಯಾಡಲಿಲ್ಲ, ಕೂತು ಅಮೆರಿಕಕ್ಕೊಂದು ಕೇಂದ್ರೀಯ ಬ್ಯಾಂಕಿನ ನಕ್ಷೆ ಬರೆದರು.

ಅದು ಬೇಕಾಗಿತ್ತು ಎನ್ನುವುದೂ ನಿಜ. 1907ರಲ್ಲಿ ಜನ ಗಾಬರಿಬಿದ್ದು ಠೇವಣಿ ಹಿಂದಕ್ಕೆ ಪಡೆಯಲು ಮುಗಿಬಿದ್ದಾಗ, ಕೈಹಿಡಿಯಲು ಕೇಂದ್ರೀಯ ಬ್ಯಾಂಕೇ ಇರಲಿಲ್ಲ. ಜೆ.ಪಿ. ಮಾರ್ಗನ್ ಎಂಬ ಖಾಸಗಿ ಧಣಿ ಬ್ಯಾಂಕರುಗಳನ್ನು ತಮ್ಮ ಗ್ರಂಥಾಲಯದಲ್ಲಿ ಕೂರಿಸಿ ದುಡ್ಡು ಹೊಂದಿಸಬೇಕಾಯಿತು. ಆದರೆ ವಾಲ್ ಸ್ಟ್ರೀಟಿನವರೇ ಬರೆದ ಮಸೂದೆ ಎಂದು ಗೊತ್ತಾದರೆ ಕಾಂಗ್ರೆಸ್ ಅದನ್ನು ಮೂಸಿಯೂ ನೋಡುತ್ತಿರಲಿಲ್ಲ. ಗುಟ್ಟಿನ ಕಾರಣ ಇಷ್ಟೇ ಎಂದು 1935ರಲ್ಲಿ ವಾಂಡರ್‌ಲಿಪ್ ತಾವೇ ಬರೆದರು.

ಮುಂದಿನ ಕಥೆ ಸ್ವಾರಸ್ಯದ್ದು. ದ್ವೀಪದ ನಕ್ಷೆಯಿಂದ ಹುಟ್ಟಿದ ಆಲ್ಡ್ರಿಚ್ ಯೋಜನೆಯಲ್ಲಿ ಹಿಡಿತ ಬಹುಪಾಲು ಬ್ಯಾಂಕರುಗಳದ್ದೇ ಆಗಿತ್ತು. ಅದು ಕಾನೂನಾಗಲಿಲ್ಲ. ಡೆಮಾಕ್ರಟರು ಅಧಿಕಾರಕ್ಕೆ ಬಂದ ಮೇಲೆ, ಬಹಿರಂಗ ಚರ್ಚೆ, ಜಗಳಗಳ ನಡುವೆ ಹೊಸ ಮಸೂದೆ ರೂಪುಗೊಂಡಿತು. 1913ರ ಡಿಸೆಂಬರ್ 23ರಂದು ಅಧ್ಯಕ್ಷ ವುಡ್ರೋ ವಿಲ್ಸನ್ ಕೇಂದ್ರೀಯ ಬ್ಯಾಂಕಿಗೆ ದಾರಿ ಮಾಡಿಕೊಟ್ಟ ಫೆಡರಲ್ ರಿಸರ್ವ್ ಕಾಯ್ದೆಗೆ ಸಹಿ ಹಾಕಿದಾಗ ಜೆಕಿಲ್ ದ್ವೀಪದ ಹಲವು ತಾಂತ್ರಿಕ ಅಂಶಗಳು ಅದರಲ್ಲಿದ್ದವು. ಜೊತೆಗೆ, ಆಲ್ಡ್ರಿಚ್ ಯೋಜನೆಯಲ್ಲಿ ಇರದಿದ್ದ ಒಂದು ಅಂಶವೂ ಇತ್ತು: ಮೇಲುಸ್ತುವಾರಿಗೆ ಸರ್ಕಾರವೇ ನೇಮಿಸುವ ಮಂಡಳಿ. ಲೆಕ್ಕ ಕೇಳುವವರು ಎದುರಿಗಿದ್ದುದರಿಂದ ಬಂದದ್ದು ಅದು. ಗುಟ್ಟಿನ ಪಾಲಿಗೆ ದಕ್ಕಿದ್ದು ಮಾತ್ರ ಅಪನಂಬಿಕೆ. ಆ ದ್ವೀಪದ ಸುತ್ತ ಪಿತೂರಿ ಕಥೆಗಳು ಇಂದಿಗೂ ಹುಟ್ಟುತ್ತಲೇ ಇವೆ.

ಬಾತುಕೋಳಿಗಳು ಸುಮಾರು ತೊಂಬತ್ತು ವರ್ಷದ ನಂತರ ಮತ್ತೆ ಹಾರಿಬಂದವು. 2001ರಲ್ಲಿ ಉಪಾಧ್ಯಕ್ಷ ಡಿಕ್ ಚೆನಿ ನೇತೃತ್ವದ ತಂಡ ದೇಶದ ಇಂಧನ ನೀತಿ ರೂಪಿಸಿತು. ಅದರಲ್ಲಿ ಕಂಪನಿಗಳ ಕೈ ಎಷ್ಟಿತ್ತು, ಕಡತ ತೋರಿಸಿ ಎಂದು ಸಿಯೆರಾ ಕ್ಲಬ್ ಮತ್ತು ಜುಡಿಷಿಯಲ್ ವಾಚ್ ಎಂಬ ಸಂಘಟನೆಗಳು ಕೋರ್ಟಿಗೆ ಹೋದವು. ಮೊಕದ್ದಮೆ ಸುಪ್ರೀಂ ಕೋರ್ಟಿನಲ್ಲಿರುವಾಗಲೇ, 2004ರ ಜನವರಿಯಲ್ಲಿ ಅಲ್ಲಿನ ನ್ಯಾಯಮೂರ್ತಿ ಆಂಟೊನಿನ್ ಸ್ಕಾಲಿಯಾ ಇದೇ ಚೆನಿಯವರ ಸರ್ಕಾರಿ ವಿಮಾನದಲ್ಲಿ ಲೂಸಿಯಾನಾಕ್ಕೆ ಹೋದರು. ಬಾತುಕೋಳಿ ಬೇಟೆಗೆ, ಈ ಸಲ ನಿಜವಾಗಿಯೂ ಬೇಟೆಗೆ.

ವಿಚಾರಣೆಯಿಂದ ಹಿಂದೆ ಸರಿಯಿರಿ ಎಂಬ ಒತ್ತಾಯಕ್ಕೆ ಅವರು ಇಪ್ಪತ್ತೊಂದು ಪುಟಗಳ ಉತ್ತರ ಬರೆದು ಒಪ್ಪಲಿಲ್ಲ. ಸುಪ್ರೀಂ ಕೋರ್ಟು ಪ್ರಕರಣವನ್ನು ಕೆಳಗಿನ ಕೋರ್ಟಿಗೆ ಮರಳಿಸಿತು; 2005ರಲ್ಲಿ ಅಲ್ಲಿ ಅದು ವಜಾ ಆಯಿತು. ಅದಕ್ಕೂ ಮೊದಲು ಆ್ಯಮ್‌ಹರ್ಸ್ಟ್ ಕಾಲೇಜಿನಲ್ಲಿ ಬೇಟೆಯ ಪ್ರಶ್ನೆ ಎದುರಾದಾಗ ಸ್ಕಾಲಿಯಾ ಚುಟುಕಾಗಿ ಉತ್ತರ ಮುಗಿಸಿದ್ದು ಹೀಗೆ: ‘ಕ್ವಾಕ್, ಕ್ವಾಕ್.’