ಹಿರೇಬೂದನೂರಿನ ಫಕೀರೇಶ್ವರ

ಸವದತ್ತಿ ತಾಲ್ಲೂಕಿನ ಹಿರೇಬೂದನೂರಿನಲ್ಲಿ ಮಸೀದಿಯಿದೆ, ಮುಸ್ಲಿಂ ಮನೆ ಒಂದೂ ಇಲ್ಲ. ಮೂರು ಸಾವಿರಕ್ಕೂ ಹೆಚ್ಚು ಜನರಿರುವ ಈ ಊರಲ್ಲಿ ಕುರುಬರು, ವಾಲ್ಮೀಕಿ ಸಮುದಾಯದವರೇ ಬಹುಪಾಲು. ಮಸೀದಿಯ ದೈವ ಅವರಿಗೆ ಫಕೀರೇಶ್ವರ ಸ್ವಾಮಿ. ನಿತ್ಯ ಪೂಜೆ ಮಾಡುವವರು ಹಿಂದೂ ಪೂಜಾರಿ, ತಮ್ಮ ಮನೆತನಕ್ಕೆ ಗೊತ್ತಿರುವ ಪದ್ಧತಿಯಲ್ಲೇ.

ಬಹಳ ಹಿಂದೆ ಇಬ್ಬರು ಮುಸ್ಲಿಂ ಅಣ್ಣತಮ್ಮಂದಿರು ಇದನ್ನು ಕಟ್ಟಿದರೆಂದು ಊರವರು ಹೇಳುತ್ತಾರೆ. ಅವರು ತೀರಿಹೋದರು, ಮಸೀದಿ ಊರಿಗೆ ಉಳಿಯಿತು. ಬೀಗ ಜಡಿದು ಮರೆತುಬಿಡಬಹುದಿತ್ತು. ಊರು ಹಾಗೆ ಮಾಡಲಿಲ್ಲ.

ಮೊಹರಂ ಬಂತೆಂದರೆ ಐದು ದಿನ ಊರೆಲ್ಲ ಬೀದಿಯಲ್ಲೇ. ಸಮೀಪದ ಬೇವಿನಕಟ್ಟಿಯಿಂದ ಮೌಲ್ವಿಯನ್ನು ಕರೆಸುತ್ತಾರೆ. ಅವರು ವಾರದ ಮಟ್ಟಿಗೆ ಮಸೀದಿಯಲ್ಲೇ ಇದ್ದು ಇಸ್ಲಾಂ ಕ್ರಮದಲ್ಲಿ ಪ್ರಾರ್ಥನೆ ನಡೆಸುತ್ತಾರೆ. ಉಳಿದ ದಿನಗಳ ಹೊಣೆ ಮತ್ತೆ ಪೂಜಾರಿಯದು. ಓಣಿ ಓಣಿಗೂ ಮೆರವಣಿಗೆ, ಕರ್ಬಲ ಕುಣಿತ, ಹಗ್ಗದ ಆಟ, ಕೆಂಡ ಹಾಯುವುದು. ಕ್ರಿ.ಶ. 680ರಲ್ಲಿ ಇರಾಕಿನ ಕರ್ಬಲಾದಲ್ಲಿ ಮಡಿದ ಇಮಾಮ್ ಹುಸೇನರ ದುಃಖವನ್ನು ಮಲಪ್ರಭೆಯ ಸೀಮೆಯ ರೈತರು ತಮ್ಮ ಮನೆಯ ದುಃಖವಾಗಿ ಮಾಡಿಕೊಂಡ ಬಗೆ ಇದು.

ಇದು ಒಂದೇ ಊರಿನ ಸೋಜಿಗವಲ್ಲ. ಉತ್ತರ ಕರ್ನಾಟಕದ ಎಷ್ಟೋ ಹಳ್ಳಿಗಳಲ್ಲಿ ಮೊಹರಂನ ಬೆಂಕಿಗುಂಡಿಯಾದ ಅಲಾಯಿ ಕುಣಿಗೆ ಗುದ್ದಲಿ ಬೀಳುವುದು, ಪಂಜಾಗಳ ರೂಪದ ಪೀರಲ ದೇವರು ಕೂಡುವುದು, ಹರಕೆ ಹೊತ್ತವರು ಲಾಡಿ ಎಂಬ ದಾರ ಕಟ್ಟಿಕೊಂಡು ಫಕೀರರಾಗುವುದು, ದೇವರಿಗೆ ಸಕ್ಕರಿ ಓದಿಸುವುದು ಎಲ್ಲ ಜಾತಿಗಳ ಕೈಯಲ್ಲಿ ನಡೆಯುತ್ತವೆ. ಮೊಹರಂನ ಕತಲ್ ರಾತ್ರಿ ಹೆಜ್ಜೆಮೇಳದವರು ಹಾಡುವ, ಕರ್ಬಲಾದ ಕಥೆ ಹೇಳುವ ರಿವಾಯತ ಪದಗಳು ಅಪ್ಪಟ ಕನ್ನಡದವು. ಶಿಶುನಾಳ ಷರೀಫರೂ (1819–1889) ಅಂಥ ಪದ ಕಟ್ಟಿದವರು. ಇದನ್ನು ಬರೀ ‘ಭಾವೈಕ್ಯ’ ಎಂದು ಕರೆದು ಮುಗಿಸುವುದು ನನಗೆ ಒಪ್ಪಿಗೆಯಿಲ್ಲ. ಇಲ್ಲಿ ಯಾರೂ ಐಕ್ಯವನ್ನು ತೋರಿಸಲು ಕುಣಿಯುವುದಿಲ್ಲ. ದೇವರಿಗೆ ನಡೆದುಕೊಳ್ಳುತ್ತಾರೆ, ಅಷ್ಟೇ.

ಮಸೀದಿಯ ಜೀರ್ಣೋದ್ಧಾರಕ್ಕೆ ಬೈಲಹೊಂಗಲ ಶಾಸಕ ಮಹಾಂತೇಶ ಕೌಜಲಗಿ 8 ಲಕ್ಷ ರೂಪಾಯಿ ಮಂಜೂರು ಮಾಡಿದ ಸುದ್ದಿ 2022ರ ಮೊಹರಂ ಹೊತ್ತಿಗೆ ಬಂದಿತ್ತು. ಗೋಡೆಗೆ ಹಣ ಸಿಗುತ್ತದೆ. ಹಾಡಿಗೆ ಯಾರು ಕೊಡುತ್ತಾರೆ? ರಿವಾಯತ ಪದಗಳನ್ನು ಬಾಯಿಪಾಠ ಬಲ್ಲ ಹಿರಿಯರು ವರ್ಷದಿಂದ ವರ್ಷಕ್ಕೆ ಕಡಿಮೆಯಾಗುತ್ತಿದ್ದಾರೆ. ಬೈಲಹೊಂಗಲ, ಕಿತ್ತೂರು, ಸವದತ್ತಿ, ರಾಮದುರ್ಗದ ಕಾಲೇಜು ಹುಡುಗರ ಕೈಯಲ್ಲೆಲ್ಲ ಮೊಬೈಲ್ ಇದೆ. ಬರುವ ಮೊಹರಂನಲ್ಲಿ ನಿಮ್ಮೂರಿನ ಹಾಡುಗಾರರ ಮುಂದೆ ಕುಳಿತು, ಅವರ ಒಪ್ಪಿಗೆ ಪಡೆದು, ಒಂದೊಂದು ಪದವನ್ನೂ ಪೂರ್ತಿ ಧ್ವನಿಮುದ್ರಿಸಿಕೊಳ್ಳಿ.