ಬಿಸಿಲು ಹಿಡಿದರೆ ಸಾಲದು, ದಡ ಮುಟ್ಟಿಸಬೇಕು

ಬೋಟು ತುಂಬ ಮೀನು ಬಂದರೂ ಬೋಟಿಗೂ ದಕ್ಕೆಗೂ ನಡುವೆ ಸಂದಿ ಇದ್ದರೆ, ದಾಟಿಸುವಾಗ ಅರ್ಧ ಬುಟ್ಟಿ ನೀರಿಗೇ ಬೀಳ್ತದೆ. ಹಿಡಿದದ್ದಲ್ಲ, ದಡಕ್ಕೆ ಬಂದದ್ದೇ ಲೆಕ್ಕ. ಸೋಲಾರಿನ ಕಥೆಯೂ ಹೀಗೇ. ಪೆರೋವ್‌ಸ್ಕೈಟ್ ಎಂಬ ಹೊಸ ಬಗೆಯ ಸೌರಕೋಶದಲ್ಲಿ ಇಂಥದ್ದೇ ಒಂದು ಸಂದಿ ಮುಚ್ಚಲು ವಿಜ್ಞಾನಿಗಳು ವರ್ಷಗಳಿಂದ ದುಡಿಯುತ್ತಿದ್ದಾರೆ.

ನಮ್ಮ ಮನೆಗಳ ತಾರಸಿಯ ಮೇಲೆ ಕಾಣುವ ಫಲಕಗಳು ಸಿಲಿಕಾನಿನವು. ಸಿಲಿಕಾನ್ ತಯಾರಿಸಲು ಸಾವಿರ ಡಿಗ್ರಿಗೂ ಮೀರಿದ ಶಾಖ ಬೇಕು. ಪೆರೋವ್‌ಸ್ಕೈಟನ್ನಾದರೆ ದ್ರಾವಣ ಮಾಡಿ ಗಾಜಿನ ಮೇಲೆ ಹರಡಿ, ಸುಮಾರು 100ರಿಂದ 150 ಡಿಗ್ರಿಯಲ್ಲಿ ಕಾಯಿಸಿದರೆ ಆಯಿತು. ಅಗ್ಗವಾಗಬಹುದು ಎಂಬ ಆಸೆ ಹುಟ್ಟಿದ್ದು ಇದರಿಂದ. 2009ರಲ್ಲಿ ಜಪಾನಿನ ತ್ಸುತೊಮು ಮಿಯಾಸಾಕ ಅವರ ತಂಡ ಇದರಿಂದ ಕರೆಂಟು ತೆಗೆದಾಗ, ಬಿದ್ದ ಬಿಸಿಲಿನಲ್ಲಿ ವಿದ್ಯುತ್ತಾದದ್ದು ಶೇ. 3.8 ಮಾತ್ರ.

ಬಿಸಿಲು ಬಿದ್ದಾಗ ಪೆರೋವ್‌ಸ್ಕೈಟ್ ಪದರದಲ್ಲಿ ಎಲೆಕ್ಟ್ರಾನುಗಳು ಬಿಡುಗಡೆಯಾಗ್ತವೆ. ಅವನ್ನು ತಂತಿಯ ಕಡೆ ದಾಟಿಸುವ ದಕ್ಕೆಯೇ ಎಲೆಕ್ಟ್ರಾನ್ ಸಾಗಣೆ ಪದರ. ಮೊದಲು ಇದಕ್ಕೆ ಬಳಸುತ್ತಿದ್ದದ್ದು ಟೈಟಾನಿಯಂ ಡೈಆಕ್ಸೈಡ್, ಅಂದ್ರೆ ಬಿಳಿ ಪೈಂಟಿಗೆ ಹಾಕುವ ಅದೇ ಪುಡಿ. ಅದನ್ನು ಸಾಮಾನ್ಯವಾಗಿ 450 ಡಿಗ್ರಿಯ ಆಚೀಚೆ ಕಾಯಿಸಬೇಕು. ಸಾಲದ್ದಕ್ಕೆ ನೇರಳಾತೀತ ಕಿರಣ ಬಿದ್ದರೆ ಅದು ಪಕ್ಕದ ಪೆರೋವ್‌ಸ್ಕೈಟನ್ನೇ ಕೆಡಿಸ್ತದೆ. ಹಾಗಾಗಿ ಹಲವರು ತವರದ ಆಕ್ಸೈಡಿಗೆ ಬಂದರು. ಇದು ಕಡಿಮೆ ಶಾಖದಲ್ಲೇ ಕೂರ್ತದೆ. ಆದರೆ ಇದರ ಮೈಮೇಲೆ ಅಲ್ಲಲ್ಲಿ ಆಕ್ಸಿಜನ್ ಪರಮಾಣುಗಳಿಲ್ಲದ ಖಾಲಿ ಜಾಗಗಳು. ಅಲ್ಲಿ ಸಿಕ್ಕಿಬಿದ್ದ ಎಲೆಕ್ಟ್ರಾನ್ ತಂತಿ ಮುಟ್ಟುವ ಮೊದಲೇ ಶಾಖವಾಗಿ ನಷ್ಟವಾಗ್ತದೆ.

ಈ ಪದರಕ್ಕೆ ಮಾಡುವ ಉಪಚಾರ ಇದನ್ನು ಸರಿಪಡಿಸಲಿಕ್ಕೇ. ಕೆಲವರು ನೇರಳಾತೀತ ಬೆಳಕು ಮತ್ತು ಓಝೋನಿನಿಂದ ಅದನ್ನು ಶುಚಿ ಮಾಡಿದರು. ಕೆಲವರು ಪೊಟ್ಯಾಸಿಯಂ ಕ್ಲೋರೈಡ್ ದ್ರಾವಣ ಸವರಿದರು. 2021ರಲ್ಲಿ ದಕ್ಷಿಣ ಕೊರಿಯಾದ ಉಲ್ಸಾನ್‌ನಲ್ಲಿ ಸಾಂಗ್ ಇಲ್ ಸಿಯೋಕ್ ಅವರ ತಂಡ ತವರದ ಆಕ್ಸೈಡಿಗೂ ಪೆರೋವ್‌ಸ್ಕೈಟ್ ದ್ರಾವಣಕ್ಕೂ ಕ್ಲೋರಿನ್ ಸೇರಿಸಿತು. ಎರಡೂ ಕೂಡುವಲ್ಲಿ ಪರಮಾಣುಗಳು ಸಾಲುಸಾಲಾಗಿ ಹೊಂದಿಕೊಂಡ ಒಂದು ತೆಳು ಪದರ ತಾನಾಗಿ ಮೂಡಿತು. ಬೋಟು ದಕ್ಕೆಗೆ ಅಂಟಿ ನಿಂತ ಹಾಗೆ! ಫಲ ಶೇ. 25.8. ಮಾರುಕಟ್ಟೆಯ ಸಿಲಿಕಾನ್ ಫಲಕಗಳು ಕೊಡುವುದು ಸುಮಾರು ಶೇ. 20ರಿಂದ 22. ಆದರೆ ಕೊರಿಯಾದ್ದು ಪ್ರಯೋಗಾಲಯದ ಪುಟ್ಟ ಕೋಶ, ಮನೆಗೆ ಹಾಕುವ ಫಲಕ ಅಲ್ಲ.

ಬಾಳಿಕೆಯನ್ನೂ ನೋಡಬೇಕು. 500 ಗಂಟೆ ಸತತ ಬೆಳಕಿನ ಬಳಿಕ ಆ ಕೋಶದ ಸಾಮರ್ಥ್ಯ ಮೊದಲಿನ ಸುಮಾರು ಶೇ. 90ಕ್ಕೆ ಇಳಿದಿತ್ತು. ದಿನಕ್ಕೆ ಐದು ಗಂಟೆ ಒಳ್ಳೆಯ ಬಿಸಿಲೆಂದು ಹಿಡಿದರೆ ಇದು ನೂರು ದಿನದ ಬಾಳು. ಸಿಲಿಕಾನ್ ಫಲಕಗಳಿಗೆ ಸಾಮಾನ್ಯವಾಗಿ 25 ವರ್ಷದ ವಾರಂಟಿ ಇರ್ತದೆ. ಪೆರೋವ್‌ಸ್ಕೈಟಿಗೆ ನೀರಿನ ಪಸೆ ಆಗಿಬರುವುದಿಲ್ಲ, ನಮ್ಮ ಕರಾವಳಿಯಲ್ಲೋ ನಾಲ್ಕು ತಿಂಗಳು ಮಳೆ. ಒಳಗೆ ಸೀಸವೂ ಇರುವುದರಿಂದ ಬಾವಿ ನೀರು ಕುಡಿಯುವ ನಾವು ಅದನ್ನೂ ಯೋಚಿಸಬೇಕು.

ಹಾಗಂತ ಇದನ್ನು ತಳ್ಳಿಹಾಕುವಂತಿಲ್ಲ. ಹನ್ನೆರಡೇ ವರ್ಷದಲ್ಲಿ 3.8ರಿಂದ 25.8 ಸಣ್ಣ ಮಾತಲ್ಲ. ಆದರೆ ಈಗ ಸೋಲಾರ್ ಹಾಕಿಸಲು ಹೊರಟವರು ಇದಕ್ಕಾಗಿ ಕಾಯುವುದು ಬೇಡ. ನಾಳೆ ಯಾರಾದರೂ ಪೆರೋವ್‌ಸ್ಕೈಟ್ ಫಲಕ ಮಾರಲು ಬಂದರೆ, ಶೇಕಡಾ ಎಷ್ಟು ಅನ್ನುವ ಮೊದಲು ಕೇಳೋಣ: ಎಷ್ಟು ಮಳೆಗಾಲ ಬಾಳ್ತದೆ?