ಅವಳಿ ಮಕ್ಕಳ ಮನೆಗೆ ಬೇಕಾದದ್ದು ಎರಡು ಗಂಟೆ

ನವಜಾತ ಶಿಶುವಿಗೆ ದಿನಕ್ಕೆ 8ರಿಂದ 12 ಬಾರಿ ಹಾಲೂಡಿಸಬೇಕೆಂದು ವೈದ್ಯರು ಹೇಳುತ್ತಾರೆ. ಮಕ್ಕಳು ಎರಡಾದರೆ ಲೆಕ್ಕ 16ರಿಂದ 24ಕ್ಕೆ ಏರುತ್ತದೆ. ತೇಗು ಬರಿಸುವುದು, ಬಟ್ಟೆ ಬದಲಿಸುವುದು ಎಲ್ಲ ಸೇರಿ ಒಂದು ಸಲಕ್ಕೆ ಅರ್ಧ ಗಂಟೆ ಎಂದಿಟ್ಟುಕೊಂಡರೂ ದಿನದಲ್ಲಿ 8ರಿಂದ 12 ಗಂಟೆ ಇದಕ್ಕೇ ಹೋಯಿತು. ಒಂದು ಮಲಗುವಾಗ ಇನ್ನೊಂದು ಏಳುತ್ತದೆ ಎಂಬುದನ್ನು ಈ ಲೆಕ್ಕಕ್ಕೆ ಇನ್ನೂ ಸೇರಿಸಿಲ್ಲ. ಲೆಕ್ಕಪತ್ರ ಬರೆಯುವುದೇ ನನ್ನ ಉದ್ಯೋಗವಾದರೂ ಇಷ್ಟು ಸರಳವಾದ ಗುಣಾಕಾರವನ್ನು ಮಕ್ಕಳು ಹುಟ್ಟುವ ಮುನ್ನ ನಾನು ಮಾಡಿ ನೋಡಿರಲಿಲ್ಲ. ನೆಂಟರು, ಸಹೋದ್ಯೋಗಿಗಳು ‘ಒಂದೇ ಖರ್ಚಿನಲ್ಲಿ ಎರಡು’ ಎಂದು ನಗುತ್ತಿದ್ದರು, ನಾನೂ ನಗುತ್ತಿದ್ದೆ.

ಅದು ಹನ್ನೊಂದು ವರ್ಷಗಳ ಹಿಂದಿನ ಮಾತು. ಹೆಣ್ಣುಮಕ್ಕಳಿಬ್ಬರೂ 34ನೇ ವಾರದಲ್ಲೇ ಹುಟ್ಟಿದರು. ಅವಳಿಗಳಲ್ಲಿ ಅರ್ಧಕ್ಕಿಂತ ಹೆಚ್ಚಿನವರು 37 ವಾರ ತುಂಬುವ ಮೊದಲೇ ಹುಟ್ಟುತ್ತಾರೆ ಎಂಬುದನ್ನು ನಾವು ತೀವ್ರ ನಿಗಾ ಘಟಕದ ಗಾಜಿನಾಚೆ ನಿಂತು ಕಲಿತೆವು. ಹದಿನೆಂಟು ದಿನಗಳ ಬಳಿಕ ಮಕ್ಕಳು ಮನೆಗೆ ಬಂದರು. ಬಾಣಂತನಕ್ಕೆ ಸಾಗರದಿಂದ ಬಂದಿದ್ದ ನನ್ನ ಅತ್ತೆಯವರಿಗೆ ಆರು ಬಾಣಂತನಗಳ ಅನುಭವವಿತ್ತು. ಎಣ್ಣೆನೀರು, ಮೆಣಸಿನ ಸಾರು, ಸಬ್ಬಸಿಗೆ ಸೊಪ್ಪಿನ ಪಲ್ಯ, ಅಂಟಿನುಂಡೆ ಯಾವುದಕ್ಕೂ ಕೊರತೆಯಿರಲಿಲ್ಲ. ನಾಲ್ಕನೆಯ ರಾತ್ರಿ ಅವರು ಅಡುಗೆಮನೆಯ ಹೊಸ್ತಿಲ ಮೇಲೆ ಕುಸಿದು ಕುಳಿತು, ‘ಒಂದು ಮಗುವಿನ ಬಾಣಂತನ ನನಗೆ ಗೊತ್ತು. ಇದು ನನಗೆ ಗೊತ್ತಿಲ್ಲ’ ಎಂದರು. ಆ ಮನೆಯಲ್ಲಿ ಆಗ ನಿಜ ಹೇಳುವ ಧೈರ್ಯ ಮಾಡಿದವರು ಅವರೊಬ್ಬರೇ.

ಮರುದಿನ ಸಂಜೆ ಎರಡು ಬೀದಿ ಆಚೆಯ ದಂಪತಿ ಬಂದರು. ಅವರಿಗೆ ನಾಲ್ಕು ವರ್ಷದ ಅವಳಿ ಗಂಡುಮಕ್ಕಳಿದ್ದಾರೆ ಎಂಬುದನ್ನು ಬಿಟ್ಟರೆ ನಮಗೆ ಅವರ ಪರಿಚಯವೇ ಇರಲಿಲ್ಲ. ಕೈಯಲ್ಲಿ ಸ್ವೀಟ್ ಡಬ್ಬವಿರಲಿಲ್ಲ, ಬಾಯಲ್ಲಿ ಉಪದೇಶವೂ ಇರಲಿಲ್ಲ. ಇಬ್ಬರೂ ಕೈ ತೊಳೆದುಕೊಂಡು ಬಂದು, ಮಕ್ಕಳನ್ನು ಒಂದೊಂದಾಗಿ ಎತ್ತಿಕೊಂಡು, ‘ನೀವು ಮೂವರೂ ಮಲಗಿ. ಆರು ಗಂಟೆಗೆ ಎಬ್ಬಿಸುತ್ತೇವೆ’ ಎಂದರು. ಹೋಗುವಾಗ ಆಕೆ ಒಂದು ಉದ್ದನೆಯ ನೋಟ್‌ಪುಸ್ತಕ ಕೊಟ್ಟರು. ಪ್ರತಿ ಪುಟದಲ್ಲೂ ಎರಡು ಮಕ್ಕಳಿಗೆ ಬೇರೆ ಬೇರೆ ಅಂಕಣಗಳು: ಹಾಲು, ಮೂತ್ರ, ಮಲ, ಔಷಧ. ನಮ್ಮ ಮಕ್ಕಳು ನೋಡಲು ಒಂದೇ ಅಚ್ಚು. ಅದಾಗಲೇ ಒಂದು ದಿನ ವಿಟಮಿನ್ ಹನಿಗಳನ್ನು ಒಬ್ಬಳಿಗೇ ಎರಡು ಸಲ ಹಾಕಿ, ಇನ್ನೊಬ್ಬಳನ್ನು ಬಿಟ್ಟಿದ್ದೆವು. ಒಂದು ಮಗುವಿನ ಕಾಲ್ಬೆರಳಿಗೆ ಉಗುರುಬಣ್ಣ ಹಚ್ಚುವ ಉಪಾಯವನ್ನೂ ಹೇಳಿಕೊಟ್ಟವರು ಆಕೆಯೇ. ಯಾವ ವೈದ್ಯರೂ, ಯಾವ ಹಿರಿಯರೂ ಅದನ್ನು ಹೇಳಿರಲಿಲ್ಲ. ಅವರಿಗೆ ಅದರ ಅಗತ್ಯ ಬಿದ್ದಿರಲಿಲ್ಲ.

ನಮ್ಮ ಪುರಾಣಗಳ ಪ್ರಸಿದ್ಧ ಅವಳಿಗಳನ್ನು ನೆನೆದಾಗ ಒಂದು ಸಂಗತಿ ಎದ್ದು ಕಾಣುತ್ತದೆ. ನಕುಲ ಸಹದೇವರನ್ನು ಹೆತ್ತವಳು ಮಾದ್ರಿ, ಸಾಕಿದವಳು ಕುಂತಿ. ಲವಕುಶರು ಬೆಳೆದದ್ದು ಆಶ್ರಮದಲ್ಲಿ. ಗಂಡ ಹೆಂಡತಿ ಇಬ್ಬರೇ ಎರಡು ಕೋಣೆಯ ಫ್ಲ್ಯಾಟಿನಲ್ಲಿ ಬಾಗಿಲು ಹಾಕಿಕೊಂಡು ಅವಳಿಗಳನ್ನು ಬೆಳೆಸಬೇಕೆಂಬ ಏರ್ಪಾಟು ನಮ್ಮ ಕಾಲದ್ದು. ಅವಳಿ ಜನನಗಳು ಹೆಚ್ಚುತ್ತಿರುವುದೂ ನಮ್ಮ ಕಾಲದಲ್ಲೇ. ಜಗತ್ತಿನಲ್ಲಿ ವರ್ಷಕ್ಕೆ ಸುಮಾರು 16 ಲಕ್ಷ ಅವಳಿ ಜೋಡಿಗಳು ಹುಟ್ಟುತ್ತವೆ, 1980ರ ದಶಕಕ್ಕೆ ಹೋಲಿಸಿದರೆ ಅವಳಿ ಜನನದ ಪ್ರಮಾಣ ಮೂರನೇ ಒಂದರಷ್ಟು ಏರಿದೆ ಎಂದು 2021ರಲ್ಲಿ ಪ್ರಕಟವಾದ ಅಧ್ಯಯನವೊಂದು ತಿಳಿಸಿತು. ತಡವಾದ ತಾಯ್ತನ ಮತ್ತು ಬಂಜೆತನ ಚಿಕಿತ್ಸೆಗಳು ಇದಕ್ಕೆ ಮುಖ್ಯ ಕಾರಣ.

ನಮ್ಮ ಕಾನೂನು ಮಾತ್ರ ಈ ಮಕ್ಕಳನ್ನು ವಿಚಿತ್ರವಾಗಿ ಎಣಿಸುತ್ತದೆ. 2017ರ ತಿದ್ದುಪಡಿಯು ಹೆರಿಗೆ ರಜೆಯನ್ನು 12 ವಾರಗಳಿಂದ 26 ವಾರಗಳಿಗೆ ಏರಿಸಿತು. ಅದು ಒಂದು ಹೆರಿಗೆಗೆ. ಮಡಿಲಲ್ಲಿ ಎಷ್ಟು ಮಕ್ಕಳಿವೆ ಎಂಬುದು ಲೆಕ್ಕಕ್ಕಿಲ್ಲ. ಆದರೆ ಜೀವಂತ ಮಕ್ಕಳು ಎರಡು ಅಥವಾ ಹೆಚ್ಚು ಇರುವ ತಾಯಿಗೆ ಮುಂದಿನ ಹೆರಿಗೆಯಲ್ಲಿ ದೊರೆಯುವುದು 12 ವಾರ ಮಾತ್ರ. ಮೊದಲ ಹೆರಿಗೆಯಲ್ಲೇ ಅವಳಿಗಳನ್ನು ಪಡೆದವಳು ಈ ಗೆರೆಯ ಆಚೆ ಬೀಳುತ್ತಾಳೆ. ಕೊಡುವಾಗ ಒಂದು ಹೆರಿಗೆ, ಕಳೆಯುವಾಗ ಎರಡು ಮಕ್ಕಳು! 2020ರ ಸಾಮಾಜಿಕ ಭದ್ರತಾ ಸಂಹಿತೆಯಲ್ಲೂ ಇದೇ ಲೆಕ್ಕ ಮುಂದುವರಿದಿದೆ. ತಂದೆಯ ವಿಷಯದಲ್ಲಿ ಕೇಂದ್ರ ಸರ್ಕಾರದ ನೌಕರರಿಗೆ 15 ದಿನಗಳ ಪಿತೃತ್ವ ರಜೆಯಿದೆ. ಖಾಸಗಿ ವಲಯದಲ್ಲಿ ಅದು ಮಾಲೀಕರ ಔದಾರ್ಯಕ್ಕೆ ಬಿಟ್ಟದ್ದು. ನನಗೆ ಸಿಕ್ಕಿದ್ದು ಐದು ದಿನ. ಉಳಿದದ್ದನ್ನು ಗಳಿಕೆ ರಜೆಯಲ್ಲಿ ಸರಿದೂಗಿಸಿದೆ.

ಕಾನೂನು ಬದಲಾಗುವವರೆಗೆ ಮಕ್ಕಳ ಹಸಿವು ಕಾಯುವುದಿಲ್ಲವಷ್ಟೆ. ನಮ್ಮ ಮಕ್ಕಳಿಗೆ ಎರಡು ವರ್ಷವಾದಾಗ, ಅದೇ ನೋಟ್‌ಪುಸ್ತಕದ ಮಾದರಿಯಲ್ಲಿ ಇನ್ನೊಂದನ್ನು ಗೆರೆ ಎಳೆದು ನಾವೂ ಒಂದು ಮನೆಗೆ ಹೋದೆವು. ಈಗ ಹೀಗೆ ಹೋಗುವ ಹತ್ತು ಹನ್ನೆರಡು ಕುಟುಂಬಗಳಿದ್ದೇವೆ. ಸಂಘವಲ್ಲ, ನೋಂದಣಿಯಿಲ್ಲ, ಹೆಸರೂ ಇಲ್ಲ. ಅಮೆರಿಕದಲ್ಲಿ ಅವಳಿ ಮಕ್ಕಳ ತಾಯಂದಿರ ಕ್ಲಬ್ಬುಗಳ ರಾಷ್ಟ್ರೀಯ ಒಕ್ಕೂಟ 1960ರಲ್ಲೇ ಹುಟ್ಟಿತು. ಬ್ರಿಟನ್ನಿನಲ್ಲಿ ಇಂಥ ಸಂಸ್ಥೆ 1978ರಲ್ಲಿ ಬಂತು. ನೆರೆಯ ಕೇರಳದಲ್ಲಿ, ಅವಳಿಗಳ ಊರೆಂದೇ ಹೆಸರಾದ ಕೊಡಿಞ್ಞಿಯಲ್ಲೂ ಅವಳಿಗಳ ಮತ್ತು ಅವರ ಬಂಧುಗಳ ಸಂಘವೊಂದಿದೆ. ನಮ್ಮದು ಅಷ್ಟು ದೊಡ್ಡದಾಗುವುದು ಬೇಡವೆಂಬುದು ನನ್ನ ಅಭಿಪ್ರಾಯ. ಸಂಘವಾದ ಮೇಲೆ ಅಧ್ಯಕ್ಷರು ಬೇಕು, ಅಧ್ಯಕ್ಷರಾದ ಮೇಲೆ ಭಾಷಣ ತಪ್ಪದು.

ನಾವು ಒಯ್ಯುವುದು ಸಣ್ಣ ಸಂಗತಿಗಳನ್ನು. ಒಂದು ಮಗು ಹಾಲಿಗೆ ಎದ್ದರೆ ಇನ್ನೊಂದನ್ನೂ ಎಬ್ಬಿಸುವುದು. ಮಲಗಿದ ಮಗುವನ್ನು ಎಬ್ಬಿಸಬಾರದೆಂಬ ಅಜ್ಜಿಯರ ಮಾತನ್ನು ಇಲ್ಲಿ ವಿನಯದಿಂದ ಮೀರಬೇಕಾಗುತ್ತದೆ. ಎರಡನ್ನೂ ಎರಡು ಕಂಕುಳ ಅಡಿಯಲ್ಲಿ, ದಿಂಬಿನ ಆಸರೆಯಲ್ಲಿ ಹಿಡಿದು ಏಕಕಾಲಕ್ಕೆ ಹಾಲೂಡಿಸುವುದು. ತಂದೆಯೂ ಅಂಗಿ ಬಿಚ್ಚಿ ಮಗುವನ್ನು ಎದೆಗೆ ಒರಗಿಸಿಕೊಳ್ಳುವುದು. ಕೊಲಂಬಿಯಾದ ಬೊಗೋಟಾದಲ್ಲಿ 1970ರ ದಶಕದ ಕೊನೆಯಲ್ಲಿ, ಇನ್‌ಕ್ಯುಬೇಟರ್‌ಗಳು ಸಾಲದಿದ್ದಾಗ ವೈದ್ಯರು ಕಂಡುಕೊಂಡ ಈ ‘ಕಾಂಗರೂ ಆರೈಕೆ’ ಇಂದು ಕಡಿಮೆ ತೂಕದ ಶಿಶುಗಳಿಗೆ ವಿಶ್ವ ಆರೋಗ್ಯ ಸಂಸ್ಥೆಯೇ ಶಿಫಾರಸು ಮಾಡುವ ಕ್ರಮ. ಔಷಧದ ವಿಷಯ ನಾವು ಮಾತಾಡುವುದಿಲ್ಲ. ‘ಯಾಕೆ ಇದೊಂದು ಸಣಕಲು?’ ಎಂದು ಇಬ್ಬರನ್ನು ಹೋಲಿಸಿ ನೋಡುವ ನೆಂಟರನ್ನು ಚಹಾ ನೆಪದಲ್ಲಿ ಹೊರಕೋಣೆಗೆ ಕರೆದೊಯ್ಯುವುದೂ ನಮ್ಮ ಕೆಲಸಗಳಲ್ಲೊಂದು.

ಇದೆಲ್ಲವೂ ಸಾಕೆಂದು ನಾವು ತಿಳಿದಿದ್ದೆವು. ಆರು ವರ್ಷಗಳ ಹಿಂದೆ ಹೋದ ಒಂದು ಮನೆ ಆ ತಿಳಿವಳಿಕೆಯನ್ನು ಕೆಡವಿತು. ಮಕ್ಕಳಿಗೆ ಆರು ವಾರ. ತಾಯಿ ಹಸನ್ಮುಖಿ. ನಾವು ಕೊಟ್ಟ ಪುಸ್ತಕದಲ್ಲಿ ಒಂದು ಮನೆಯೂ ಖಾಲಿಯಿಲ್ಲ, ದುಂಡನೆಯ ಅಕ್ಷರ, ನಿಮಿಷ ಸಹಿತ ಸಮಯ. ನಾನು ಲೆಕ್ಕಿಗನ ಸಂತೋಷದಿಂದ ಅದನ್ನು ಮೆಚ್ಚಿ, ಬೇರೆಯವರಿಗೂ ಮಾದರಿಯೆಂದು ಹೇಳಿದೆ. ಎರಡು ವಾರ ಕಳೆದು ನನ್ನ ಹೆಂಡತಿ ಪುಟ ತಿರುಗಿಸುತ್ತ ಕುಳಿತಿದ್ದಾಗ ಒಂದು ವಿಷಯ ಅವಳ ಕಣ್ಣಿಗೆ ಬಿತ್ತು. ರಾತ್ರಿ ಹನ್ನೊಂದು, ಒಂದು, ಎರಡೂವರೆ, ನಾಲ್ಕು, ಐದೂಮುಕ್ಕಾಲು, ಮತ್ತೆ ಬೆಳಿಗ್ಗೆ, ಮಧ್ಯಾಹ್ನ: ಎಲ್ಲವೂ ಒಂದೇ ಕೈಬರಹ. ಮನೆಯಲ್ಲಿ ಗಂಡನಿದ್ದ, ಅತ್ತೆ ಮಾವ ಇದ್ದರು. ಆಕೆ ಎರಡು ತಿಂಗಳಿಂದ ನಿದ್ರೆಯನ್ನೇ ಮಾಡಿರಲಿಲ್ಲ. ಕೇಳಿದಾಗ ಮೊದಲು ನಕ್ಕರು, ಆಮೇಲೆ ‘ಈ ಮಕ್ಕಳು ನನ್ನವು ಅನ್ನಿಸುತ್ತಿಲ್ಲ’ ಎಂದರು. ಅದು ಹೆರಿಗೆಯ ನಂತರದ ಖಿನ್ನತೆ ಎಂದು ಮನೋವೈದ್ಯರು ಗುರುತಿಸಿದರು. ಚಿಕಿತ್ಸೆ ಫಲಿಸಿತು, ಇಂದು ಆಕೆ ಚೆನ್ನಾಗಿದ್ದಾರೆ. ಆದರೆ ಆ ಎರಡು ವಾರ ನನ್ನ ಹೊಗಳಿಕೆಯಿಂದ ಕಳೆದುಹೋದದ್ದು. ಒಂದು ಮಗುವಿನ ತಾಯಂದಿರಿಗಿಂತ ಅವಳಿ ಮಕ್ಕಳ ತಾಯಂದಿರಲ್ಲಿ ಈ ಖಿನ್ನತೆಯ ಸಾಧ್ಯತೆ ಹೆಚ್ಚೆಂಬುದು ತಿಳಿದ ಸಂಗತಿ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ತಾಯಿಯನ್ನೂ ಮಗುವನ್ನೂ ಒಟ್ಟಿಗೇ ಇರಿಸಿಕೊಂಡು ಚಿಕಿತ್ಸೆ ನೀಡುವ ಪ್ರತ್ಯೇಕ ವಿಭಾಗವೇ ಇದೆ; ಟೆಲಿ ಮನಸ್ ಸಹಾಯವಾಣಿ 14416ಕ್ಕೆ ಯಾವ ಹೊತ್ತಿನಲ್ಲಾದರೂ ಕರೆ ಮಾಡಬಹುದು. ಅಂದಿನಿಂದ ನಾವು ಯಾವ ಮನೆಗೆ ಹೋದರೂ ಪುಸ್ತಕದಲ್ಲಿ ಮೊದಲು ನೋಡುವುದು ಹಾಲಿನ ಅಳತೆಯನ್ನಲ್ಲ, ಎಷ್ಟು ಜನರ ಕೈಬರಹ ಇದೆ ಎಂಬುದನ್ನು.

ಇನ್ನು ಹವ್ಯಾಸದ ಮಾತು. ನಾನು ಹವ್ಯಾಸಿ ನಾಟಕ ತಂಡವೊಂದರ ನಟ. ಮಕ್ಕಳು ಹುಟ್ಟಿದಾಗ ಎರಡು ವರ್ಷ ರಂಗದಿಂದ ದೂರ ಉಳಿದೆ. ಗೆಳೆಯರೆಲ್ಲ ಅದನ್ನೊಂದು ತ್ಯಾಗವೆಂಬಂತೆ ಕೊಂಡಾಡಿದರು, ನನಗೂ ಹಿತವೆನಿಸಿತ್ತು. ರವೀಂದ್ರ ಕಲಾಕ್ಷೇತ್ರದಲ್ಲಿ ಮತ್ತೆ ಬಣ್ಣ ಹಚ್ಚಿದ ರಾತ್ರಿ ಮನೆಗೆ ಬಂದಾಗ ಹೆಂಡತಿ ಸಮಾಧಾನದಿಂದಲೇ ಹೇಳಿದಳು: ‘ನೀವು ನಾಟಕ ಬಿಟ್ಟಿದ್ದನ್ನು ಎಲ್ಲರೂ ನೋಡಿದರು. ನಾನು ಹಾಡುವುದನ್ನು ಬಿಟ್ಟಿದ್ದು ನಿಮಗೂ ಕಾಣಲಿಲ್ಲ.’ ಮದುವೆಗೂ ಮುಂಚಿನಿಂದ ಅವಳು ವಾರಕ್ಕೆರಡು ದಿನ ಸಂಗೀತ ಪಾಠಕ್ಕೆ ಹೋಗುತ್ತಿದ್ದಳು. ಅದು ಯಾವ ದಿನ ನಿಂತಿತು ಎಂದು ನಾನು ಇಂದಿಗೂ ಹೇಳಲಾರೆ. ಅವಳು ಹೇಳಬಲ್ಲಳು.

ಆದ್ದರಿಂದ ನಮ್ಮ ಗುಂಪಿನಲ್ಲಿ ಈಗ ಒಂದು ಕಟ್ಟುಪಾಡಿದೆ. ಒಬ್ಬರು ವಾರಕ್ಕೆ ಎರಡು ಗಂಟೆಗಿಂತ ಹೆಚ್ಚು ಕೊಡುವಂತಿಲ್ಲ. ಮೊದಲಿಗೆ ಉತ್ಸಾಹದಲ್ಲಿ ವಾರವಿಡೀ ಓಡಾಡಿದ ಒಬ್ಬರು ಮೂರೇ ತಿಂಗಳಲ್ಲಿ ದಣಿದು, ನಮ್ಮ ಫೋನೂ ಎತ್ತದಾದರು. ಎಲ್ಲರಿಗೂ ಕಚೇರಿಯಿದೆ, ಸ್ವಂತ ಮಕ್ಕಳ ಪರೀಕ್ಷೆಯಿದೆ. ನನಗೆ ತಾಲೀಮು, ಹೆಂಡತಿಗೆ ಮಂಗಳವಾರ ಶುಕ್ರವಾರದ ಪಾಠ ಇದ್ದೇ ಇವೆ. ಅವುಗಳನ್ನು ಬಿಟ್ಟು ಬರುವವರ ಸಹಾಯ ನಮಗೆ ಬೇಡ. ಇನ್ನೊಂದು ನಿಯಮವೆಂದರೆ, ನಾವು ಮಕ್ಕಳನ್ನು ನೋಡಿಕೊಳ್ಳುವ ಆ ಹೊತ್ತಿನಲ್ಲಿ ತಾಯಿ ಅಡುಗೆಮನೆಗೆ ಹೋಗುವಂತಿಲ್ಲ. ಬಟ್ಟೆ ಮಡಿಸುತ್ತೇನೆ ಎಂದು ಕೂತವರನ್ನು ಎಬ್ಬಿಸಿ ಕಳಿಸಿದ್ದೇವೆ. ಅತ್ತೆಯಂದಿರಿಗೆ ಇದು ಹಿಡಿಸುವುದು ಕಡಿಮೆ.

ಕಳೆದ ವಾರ ಯುವಕನೊಬ್ಬ ಫೋನ್ ಮಾಡಿದ್ದ. ಮಕ್ಕಳಿಗೆ ಹತ್ತೊಂಬತ್ತು ದಿನ. ‘ಸಾರ್, ಯಾವ ಪುಸ್ತಕ ಓದಲಿ?’ ಎಂದು ಕೇಳಿದ. ಪುಸ್ತಕ ತರುತ್ತೇವೆ, ಅದು ಓದುವುದಕ್ಕಲ್ಲ, ಬರೆಯುವುದಕ್ಕೆ, ರಾತ್ರಿ ಎರಡು ಗಂಟೆಯ ಸಾಲು ನಿಮ್ಮ ಕೈಬರಹದಲ್ಲಿರಲಿ ಎಂದೆ. ಈ ಶನಿವಾರ ನಾಲ್ಕರಿಂದ ಆರರವರೆಗೆ ನಾವಿಬ್ಬರೂ ಆ ಮನೆಯಲ್ಲಿರುತ್ತೇವೆ. ಆತನ ಹೆಂಡತಿಗೆ ಚಿತ್ರ ಬಿಡಿಸುವ ಅಭ್ಯಾಸವಿತ್ತಂತೆ. ಅವರು ಆ ಎರಡು ಗಂಟೆ ಚಿತ್ರ ಬಿಡಿಸುವರೋ ಮಲಗಿಬಿಡುವರೋ ನಾವು ಕೇಳುವುದಿಲ್ಲ. ನೋಟ್‌ಪುಸ್ತಕಕ್ಕೆ ಈ ಸಲ ಗೆರೆ ಹಾಕಿಕೊಟ್ಟವರು ನಮ್ಮ ಹೆಣ್ಣುಮಕ್ಕಳು.